ಮಾವನವರಿಗೆ ಬಂದ ಶುಭಾಶಯ

ಆತನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಕೊರಳಿಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಆಗತ್ತಪ್ಪ ಅಂತ. ಯಾರು ಏನೇ ಕೇಳಲಿ, ಅವರು ಕೇಳಿ ಮುಗಿಸುವ ಮುಂಚೆಯೇ 'ಆಗತ್ತೆ' ಅಂದುಬಿಡುವ ಕೆಟ್ಟ ಚಾಳಿ ಆತನದು. ನಿಜವಾಗಿ ಆಗುತ್ತದೋ ಇಲ್ಲವೋ ಅನ್ನುವ ಯೋಚನೆ ಆಮೇಲೆ, ಮನೆಗೆ ಹೋಗುವ ಬಸ್ಸಿನಲ್ಲಿ, ನಿಂತುಕೊಂಡಿರುವಾಗ ಬರುತ್ತಿತ್ತು.

ಇಂಥವನಿಗೆ ಒಂದು ದಿನ ಮ್ಯಾನೇಜರು ಒಂದು ಸಣ್ಣ ಕೆಲಸ ಹೇಳಿದರು. ಊರಿನ ನೋಂದಣಿ ಕಚೇರಿಯ ಸಾಹೇಬರಿಗೆ ಒಂದು ಆಸೆ ಹುಟ್ಟಿದೆಯಂತೆ. ಮದುವೆ ನೋಂದಣಿ ಆದ ಕೂಡಲೇ ವಧೂವರರ ಫೋನಿಗೆ ಕಚೇರಿಯಿಂದ ಒಂದು ಶುಭಾಶಯ ಹೋಗಬೇಕಂತೆ. ಸಾಲುಗಳನ್ನು ಸಾಹೇಬರೇ ಕೂತು ಬರೆದಿದ್ದಾರಂತೆ, ಒಂದಕ್ಷರವನ್ನೂ ಬದಲಾಯಿಸುವ ಹಾಗಿಲ್ಲ. 'ನಿಮ್ಮ ವಿವಾಹ ನೋಂದಣಿಯಾಗಿದೆ. ಬಾಳಸಂಗಾತಿಯ ಕೈ ಹಿಡಿದು ನೂರ್ಕಾಲ ನಗುನಗುತ್ತಾ ಬಾಳಿರಿ.' ಸಂಜೆಯೊಳಗೆ ಆಗತ್ತಾ ಅಂತ ಮ್ಯಾನೇಜರು ಕೇಳಿದರು. ಉತ್ತರ ಏನು ಬಂತು ಅಂತ ನಾನು ಹೇಳಬೇಕಾಗಿಲ್ಲ.

ಈಗ ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಆ ಕಚೇರಿಯ ತಂತ್ರಾಂಶವನ್ನು ಬರೆದವರು ನಮ್ಮ ಆಗತ್ತಪ್ಪನ ಕಂಪನಿಯವರಲ್ಲ, ಯಾರೋ ಬುದ್ಧಿವಂತರು. ಮುಂದೆ ಯಾರಾದರೂ ಬಂದು ಇದಕ್ಕೊಂದು ಬಾಲ ಸೇರಿಸುತ್ತೇನೆ ಅನ್ನುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಅಲ್ಲಲ್ಲಿ ಜಾಗ ಬಿಟ್ಟಿದ್ದರು. ಮದುವೆ ನೋಂದಣಿ ಮುಗಿದ ಮೇಲೆ ಒಂದು, ಹುಟ್ಟಿದ ಮಗುವಿನ ಹೆಸರು ಬರೆದ ಮೇಲೆ ಒಂದು, ಹೀಗೆ. ಅದಕ್ಕೆ ಹುಕ್ ಅಂತಾರೆ. ಗೋಡೆ ಕಟ್ಟಿದವನೇ ಗೂಟ ಹೊಡೆದು, ಅಂಗಿ ಇಲ್ಲಿ ತಗುಲಿಹಾಕಿ ಅಂದ ಹಾಗೆ. ನಮ್ಮ ಕೋಡನ್ನು ಅಲ್ಲಿ ತಗುಲಿಹಾಕಿ ಸುಮ್ಮನೆ ಕೂತರೆ ಸಾಕು, ಸಮಯ ಬಂದಾಗ ಆ ತಂತ್ರಾಂಶವೇ ನಮ್ಮನ್ನು ಕರೆಯುತ್ತದೆ.

ಇನ್ನೊಂದು ದಾರಿ ಕೋಡ್ ಇಂಜೆಕ್ಷನ್. ಅಂದರೆ ಓಡುತ್ತಿರುವ ತಂತ್ರಾಂಶದ ಒಳಗೆ, ಅದನ್ನೂ ಕೇಳದೆ ಅದರ ಯಜಮಾನರನ್ನೂ ಕೇಳದೆ, ನಮ್ಮ ಕೋಡನ್ನು ತೂರಿಸಿಬಿಡುವುದು. ಅದೇ ಗೋಡೆಗೆ ನಾವೇ ಡ್ರಿಲ್ ಹಿಡಿದುಕೊಂಡು ಹೋಗುವುದು. ಒಳಗೆ ನೀರಿನ ಪೈಪಿದೆಯೋ ಕರೆಂಟಿನ ವೈರಿದೆಯೋ ಯಾರಿಗೆ ಗೊತ್ತು?

ಹುಕ್ಕಿನಲ್ಲಿ ತಗುಲಿಹಾಕಬೇಕಾದರೆ ಕಚೇರಿಯ ಕಂಪ್ಯೂಟರ್ ಕೋಣೆಯ ಮೇಡಂ ಒಪ್ಪಬೇಕಿತ್ತು. ಆ ಮೇಡಮ್ಮಿನ ಎದುರು ಆಗತ್ತಪ್ಪ ಒಂದು ಸಲ ಕೂತು ಬಂದಿದ್ದ. ಅವತ್ತು ಆಕೆ ಕೇಳಿದ ಮೊದಲ ಪ್ರಶ್ನೆಗೆ ಆತ 'ಆಗತ್ತೆ' ಅಂದಿದ್ದ, ಪ್ರಶ್ನೆ 'ನಿಮ್ಮ ಹೆಸರೇನು' ಅಂತ ಇತ್ತು. ಮತ್ತೆ ಆ ಕೋಣೆಗೆ ಹೋಗುವುದಕ್ಕಿಂತ ಗೋಡೆ ಕೊರೆಯುವುದೇ ವಾಸಿ ಅಂತ ಆತನಿಗೆ ಅನಿಸಿತು. ಸಾಲದ್ದಕ್ಕೆ ಅದೇ ವಾರ ಇಂಜೆಕ್ಷನ್ನಿನ ಮೇಲೆ ಯಾರೋ ಮಾಡಿದ್ದ ವಿಡಿಯೋ ಅರ್ಧ ನೋಡಿದ್ದ. ಅರ್ಧ ನೋಡಿದವರ ಧೈರ್ಯ ಪೂರ್ತಿ ನೋಡಿದವರಿಗೆ ಎಲ್ಲಿಂದ ಬರಬೇಕು ಹೇಳಿ.

ತಂತ್ರಾಂಶದಲ್ಲಿ ಎಲ್ಲವನ್ನೂ ಉಳಿಸಿಡುವ ಒಂದು ಭಾಗ ಇತ್ತು. ಆಗತ್ತಪ್ಪ ತನ್ನ ಶುಭಾಶಯವನ್ನು ಸೀದಾ ಅದರೊಳಗೇ ತೂರಿಸಿದ. ಪರೀಕ್ಷೆ ಮಾಡಲು ಇದ್ದ ಕಂಪ್ಯೂಟರಿನಲ್ಲಿ ಬರೀ ಮದುವೆಗಳೇ ಇದ್ದವು, ಒಂದೊಂದು ಮದುವೆಗೂ ಟಣ್ ಅಂತ ಶುಭಾಶಯ ಹೋಯಿತು. ಮ್ಯಾನೇಜರು ಬೆನ್ನು ತಟ್ಟಿದರು, ಅದನ್ನೇ ಕಚೇರಿಯಲ್ಲಿ ಓಡುತ್ತಿದ್ದ ತಂತ್ರಾಂಶಕ್ಕೂ ಹಾಕಿದ್ದಾಯಿತು. ಸಂಜೆ ಊಟಕ್ಕೆ ಕೂತಾಗ ಆತ ಮನೆಯವರ ಮುಂದೆ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಹುಕ್ಕಿಗೆ ನೇತುಹಾಕೋದು ಹೊಸಬರ ಕೆಲಸ, ಕೈ ಪಳಗಿದವರು ನೇರ ಒಳಗೇ ಇಳಿಯುತ್ತಾರೆ ಅಂದ. ಹೆಂಡತಿ ಮತ್ತು ಮಾವ ಅನ್ನ ಕಲಸುತ್ತಾ ಕೇಳಿಸಿಕೊಂಡರು.

ಆತನ ಹೆಂಡತಿ ಈಜು ಕಲಿಸುವವಳು. ಕೊಳದ ಈ ದಡದಿಂದ ಆ ದಡಕ್ಕೆ ಕೂಗಿ ಕೂಗಿ ಬಂದ ಗಂಟಲು, ಅದನ್ನು ಮನೆಯಲ್ಲಿ ತಗ್ಗಿಸುವ ಅಭ್ಯಾಸ ಅವಳಿಗೆ ಇರಲಿಲ್ಲ. ಮಾವ ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಮಿತಭಾಷಿ. ಅತ್ತೆಯವರು ತೀರಿಕೊಂಡು ಎಷ್ಟೋ ವರ್ಷವಾದರೂ ಒಬ್ಬರೇ ಇದ್ದರು. ಮಗಳು ಹಟ ಹಿಡಿದು, ಅತ್ತು ಕರೆದು, ಅವರನ್ನು ಈಚೆಗಷ್ಟೇ ತನ್ನ ಮನೆಗೆ ಕರೆತಂದಿದ್ದಳು. ಅಪ್ಪ ತನ್ನ ಕಣ್ಣೆದುರಿಗೇ ಇದ್ದಾರೆ ಅನ್ನುವುದಕ್ಕಿಂತ ದೊಡ್ಡ ನೆಮ್ಮದಿ ಅವಳಿಗೆ ಇನ್ನೊಂದಿರಲಿಲ್ಲ.

ಮಾರನೇ ದಿನ ಮಾವನವರು ನೋಂದಣಿ ಕಚೇರಿಗೆ ಹೋದರು. ಹೊಸ ಮನೆಗೆ ಬಂದ ಮೇಲೆ ವಿಳಾಸ ಬದಲಾಯಿಸಬೇಕಲ್ಲ, ಅದಕ್ಕೆ. ಫೋನನ್ನು ಎಂದಿನಂತೆ ಊಟದ ಮೇಜಿನ ಮೇಲೆಯೇ ಮರೆತು ಹೋಗಿದ್ದರು. ಅದು ಟಣ್ ಅಂದಿತು. ಮಗಳು ಓದಿದಳು. ಓದಿ, ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದಳು. ಆಮೇಲೆ ಗಂಡನಿಗೆ ಫೋನ್ ಮಾಡಿದಳು.

"ಅಪ್ಪ ಮದುವೆ ಆಗಿದ್ದಾರೆ" ಅಂದಳು. ಆ ಗಂಟಲಿಗೆ ಆತನ ಪಕ್ಕದ ಮೇಜಿನವರೂ ತಲೆ ಎತ್ತಿದರು.

ಇಲ್ಲಿ ಒಬ್ಬ ಸಾಧಾರಣ ಬುದ್ಧಿಯ ಮನುಷ್ಯ ಏನು ಮಾಡುತ್ತಿದ್ದ? ಎಲ್ಲೋ ಎಡವಟ್ಟಾಗಿದೆ ಅಂತ ಯೋಚಿಸುತ್ತಿದ್ದ. ಆದರೆ ಇವನು ಕೋಡು ಬರೆದವನು ನೋಡಿ, ಇವನಿಗೆ ಹೆಮ್ಮೆ ಉಕ್ಕಿ ಬಂತು.

"ಮೆಸೇಜು ಬಂತಾ? ಹಾಗಾದರೆ ಆಗಿದೆ" ಅಂದ. "ಅದು ನನ್ನ ಕೋಡು. ಮದುವೆ ಆಗದೆ ಅದು ಬಾಯಿ ಬಿಡೋದೇ ಇಲ್ಲ."

ಇಷ್ಟು ಹೇಳಿದ ಮೇಲೆಯೇ ಮದುವೆಯಾದದ್ದು ತನ್ನ ಸ್ವಂತ ಮಾವ ಅನ್ನುವುದು ಆತನ ತಲೆಗೆ ಹೋಗಿದ್ದು. ಅರ್ಧ ದಿನ ರಜ ಹಾಕಿ ಮನೆಗೆ ಓಡಿದ.

ಅವನು ಬರುವಷ್ಟರಲ್ಲಿ ಹೆಂಡತಿಯ ಸೋದರತ್ತೆ, ಅಂದರೆ ಮಾವನವರ ತಂಗಿ, ಬಂದು ಹಜಾರದ ಮಧ್ಯೆ ಕೂತಾಗಿತ್ತು. ಆಕೆ ಸುದ್ದಿಗೆ ಉಪ್ಪುಖಾರ ಹಚ್ಚುವುದರಲ್ಲಿ ಎತ್ತಿದ ಕೈ. ಇಡೀ ಬದುಕಿನಲ್ಲಿ ಅಣ್ಣ ತನ್ನನ್ನು ಕೇಳದೆ ಒಂದು ಕೊಡೆ ಕೂಡ ತಗೊಂಡವನಲ್ಲ, ಈಗ ಹೆಂಡತಿಯನ್ನೇ ತಂದುಕೊಂಡನಲ್ಲ ಅಂತ ಆಕೆಯ ಸಂಕಟ. ಅಷ್ಟೇ ಅಲ್ಲ, ಹೆಣ್ಣು ಯಾರು ಅನ್ನುವುದನ್ನೂ ಬರುವ ದಾರಿಯಲ್ಲೇ ಪತ್ತೆ ಹಚ್ಚಿಕೊಂಡು ಬಂದಿದ್ದರು. ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮ. ಆಕೆಗೂ ಅದೇ ಹೊತ್ತಿಗೆ ಅದೇ ಶುಭಾಶಯ ಬಂದಿದೆ, ಅಳತೆ ಕೊಡಲು ಬಂದಿದ್ದವರೆಲ್ಲ ಓದಿದ್ದಾರೆ, ಬೀದಿಗೆ ಬೀದಿಯೇ ಮಾತಾಡುತ್ತಿದೆ. ಟೈಲರಮ್ಮನೂ ಗಂಡನನ್ನು ಕಳೆದುಕೊಂಡವಳು, ಒಂಟಿ, ಲೆಕ್ಕ ಸರಿಹೋಯಿತಲ್ಲ ಅಂತ ಸೋದರತ್ತೆ ಎರಡೂ ಕೈ ಚೆಲ್ಲಿದರು.

ಆ ಗಳಿಗೆಯಲ್ಲೇ ಮಾವನವರು ಒಳಗೆ ಬರಬೇಕೇ? ಬಂದರು. ಮುಖದಲ್ಲಿ ನಗು, ಮೈಮೇಲೆ ಹೊಸ ಅಂಗಿ. ಕಚೇರಿಯಲ್ಲಿ ಸಾಲು ಚಿಕ್ಕದಿತ್ತು, ಅದಕ್ಕೆ ನಗು. ಅಂಗಿ ಹೊಲಿದವರು ಯಾರು ಅಂತ ಸೋದರತ್ತೆ ಕೇಳಿದರು. ಮೂಲೆಯ ಟೈಲರಮ್ಮ ಅಂತ ಮಾವನವರು ಕಾಲರು ಸರಿಮಾಡಿಕೊಳ್ಳುತ್ತಾ ಹೇಳಿದರು. ಮಗಳು ಮುಖ ಮುಚ್ಚಿಕೊಂಡು ಅಳತೊಡಗಿದಳು.

ವಿಷಯ ಏನು ಅಂತ ತಿಳಿಯಲು ಪಾಪ ಅವರಿಗೆ ಬಹಳ ಹೊತ್ತು ಹಿಡಿಯಿತು. ತಿಳಿದ ಮೇಲೆ, ತಾನು ಹೋಗಿದ್ದು ವಿಳಾಸ ಬದಲಾಯಿಸಲು ಅಂತ ಹೇಳಿದರು. ಯಾರೂ ಕೇಳಲಿಲ್ಲ. ಎಲ್ಲರೂ ಆಗತ್ತಪ್ಪನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶರಂತೆ, ಆ ಮೆಸೇಜು ಮದುವೆ ಇಲ್ಲದೆ ಹೋಗುವ ಸಾಧ್ಯತೆಯೇ ಇಲ್ಲ ಎಂದು ತೀರ್ಪು ಕೊಟ್ಟ.

ಮಾವನವರು ಅಳಿಯನನ್ನು ದೀರ್ಘವಾಗಿ ನೋಡಿದರು. "ಮದುವೆ ಆಗಿದ್ದರೆ ನನಗೂ ಗೊತ್ತಾಗುತ್ತಿತ್ತಲ್ವಾ?" ಅಂದರು.

ನ್ಯಾಯವಾದ ಪ್ರಶ್ನೆ. ಆದರೆ ಆ ಮನೆಯಲ್ಲಿ ನ್ಯಾಯ ಕೇಳುವ ಸ್ಥಿತಿಯಲ್ಲಿ ಯಾರಿದ್ದರು? ವಯಸ್ಸಾದ ಮೇಲೆ ಮರೆವು ಸಹಜ ಅಂತ ಸೋದರತ್ತೆ ಹೇಳಿದರು.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ಕೆಳಮನೆಯ ಪ್ರೊಫೆಸರು. ಅವರ ಕಣ್ಣು ಕೆಂಡವಾಗಿತ್ತು. ಹೋದ ವಾರ ಅವರ ಅಣ್ಣ ತೀರಿಕೊಂಡಿದ್ದರು. ಇವತ್ತು ಹೋಗಿ ಮರಣ ನೋಂದಣಿ ಮಾಡಿಸಿ ಮೆಟ್ಟಿಲಿಳಿಯುತ್ತಿದ್ದಾಗ ಫೋನು ಟಣ್ ಅಂದಿದೆ. ಬಾಳಸಂಗಾತಿಯ ಕೈ ಹಿಡಿದು ನಗುನಗುತ್ತಾ ಬಾಳಿರಿ ಅಂತ ಬಂದಿದೆ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರಂತೆ. ಈ ಕಚೇರಿಯ ಕಂಪ್ಯೂಟರ್ ಕೆಲಸ ನಿಮ್ಮ ಕಂಪನಿಯದಲ್ಲವೇನ್ರಿ ಅಂತ ಪ್ರೊಫೆಸರು ಫೋನನ್ನು ಆಗತ್ತಪ್ಪನ ಮೂಗಿಗೆ ಹಿಡಿದರು.

ಆಗತ್ತಪ್ಪನಿಗೆ ಆಗ ಹೊಳೆಯಿತು. ಎಲ್ಲವನ್ನೂ ಉಳಿಸಿಡುವ ಭಾಗ ಅಂದರೆ ಎಲ್ಲವನ್ನೂ. ಹುಟ್ಟು, ಸಾವು, ವಿಳಾಸ, ಅಂಗಡಿಯ ಹೆಸರು, ನಾಯಿಯ ಪರವಾನಗಿ, ಎಲ್ಲಾ. ಅದರೊಳಗೆ ತೂರಿಸಿದ ಕೋಡಿಗೆ ಯಾರು ಬಂದರು, ಯಾಕೆ ಬಂದರು ಅನ್ನುವುದು ಗೊತ್ತೇ ಆಗುವುದಿಲ್ಲ. ಬೆಳಗಿನಿಂದ ಆ ಕಚೇರಿಗೆ ಕಾಲಿಟ್ಟವರಿಗೆಲ್ಲ ಇವನು ಮದುವೆ ಮಾಡಿಸಿದ್ದಾನೆ.

ನೆಟ್‌ವರ್ಕ್ ತೊಂದರೆ ಇರಬೇಕು ಅಂತ ಮೆಲ್ಲಗೆ ಅಂದ.

"ನೆಟ್‌ವರ್ಕು ಬೇಕುಬೇಕಾದವರಿಗೇ ಹುಡುಕಿ ಮದುವೆ ಮಾಡಿಸತ್ತಾ?" ಅಂತ ಸೋದರತ್ತೆ ಕೇಳಿದರು. ಪ್ರೊಫೆಸರದು ತಪ್ಪಾಗಿ ಬಂದಿರಬಹುದು, ಅಣ್ಣನದು ಟೈಲರಮ್ಮನದು ಒಟ್ಟೊಟ್ಟಿಗೆ ಬಂದದ್ದು ಹೇಗೆ ಅನ್ನುವುದು ಆಕೆಯ ವಾದ.

ಮಾವನವರು ತಮ್ಮ ಕೋಣೆಗೆ ಹೋದರು. ಮಂಚದ ಕೆಳಗಿನಿಂದ ಚೀಲ ಎಳೆದ ಸದ್ದು ಕೇಳಿತು. ಮಗಳು ಬಾಗಿಲಿಗೆ ಓಡಿದಳು. ತನ್ನ ಮಾತಿಗಿಂತ ಮೆಸೇಜಿನ ಮಾತು ದೊಡ್ಡದಾದ ಮನೆಯಲ್ಲಿ ಇರಲಾರೆ, ಹಳೆಯ ಸ್ನೇಹಿತನ ಮನೆಯ ಮೇಲೆ ಒಂದು ಕೋಣೆ ಖಾಲಿ ಇದೆ, ಅಲ್ಲಿಗೆ ಹೋಗುತ್ತೇನೆ ಅಂತ ಅವರು ಅಂಗಿಗಳನ್ನು ಮಡಚುತ್ತಾ ಹೇಳಿದರು. ಕೂಗು ಇರಲಿಲ್ಲ, ಸಿಟ್ಟು ಇರಲಿಲ್ಲ. ಅದೇ ಹೆದರಿಕೆಯಾಗುವಂತಿತ್ತು.

ಆಗತ್ತಪ್ಪ ಇಕ್ಕಟ್ಟಿಗೆ ಸಿಕ್ಕಿಬಿದ್ದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಕಚೇರಿಯ ನಿಯಮದಲ್ಲಿ ಸ್ಪಷ್ಟವಾಗಿತ್ತು, ಓಡುವ ತಂತ್ರಾಂಶದ ಒಳಗೆ ಕೈ ಹಾಕಿದವರು ಮತ್ತೆ ಆ ಹೊಸಿಲು ದಾಟುವ ಹಾಗಿಲ್ಲ. ಹೇಳದಿದ್ದರೆ ಮಾವ ಹೋಗುತ್ತಾರೆ, ಅವರು ಹೋದ ಮನೆಯಲ್ಲಿ ಆ ಗಂಟಲಿನ ಜೊತೆ ಇವನೊಬ್ಬನೇ ಬಾಳಬೇಕು.

"ತಪ್ಪು ನನ್ನದು" ಅಂದ. "ಹುಕ್ ಇತ್ತು, ಬಳಸಲಿಲ್ಲ. ಕೇಳದೆ ಒಳಗೆ ತೂರಿಸಿದೆ. ಮಾವ ವಿಳಾಸ ಬದಲಾಯಿಸಿದ್ದಷ್ಟೇ."

ಹೆಂಡತಿ ತಿರುಗಿ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಸರಿಮಾಡಿಕೊಂಡು ಬನ್ನಿ, ಅಲ್ಲಿಯವರೆಗೆ ಈ ಮನೆಗೆ ಬರಬೇಡಿ ಅಂತ ಕೆಳಮನೆ, ಮೇಲ್ಮನೆ ಎಲ್ಲಕ್ಕೂ ಕೇಳುವಂತೆ ಹೇಳಿದಳು.

ನೋಂದಣಿ ಕಚೇರಿಯ ಮುಂದೆ ಜಾತ್ರೆಯಷ್ಟು ಜನ. ವಿಚ್ಛೇದನ ಬರೆಸಲು ಬಂದಿದ್ದ ಒಂದು ದಂಪತಿ, ಇಬ್ಬರ ಫೋನಿಗೂ ಶುಭಾಶಯ ಬಂದು, ಇದು ಇನ್ನೊಬ್ಬರ ಕುಚೇಷ್ಟೆ ಅಂತ ಮೆಟ್ಟಿಲ ಮೇಲೆ ಹೊಸದಾಗಿ ಜಗಳ ಶುರುಮಾಡಿದ್ದರು. ನಾಯಿಯ ಪರವಾನಗಿಗೆ ಬಂದಿದ್ದ ಮುದುಕರೊಬ್ಬರು ಮಾತ್ರ ಸಂತೋಷವಾಗಿದ್ದರು. ತಮ್ಮ ನಾಯಿಯನ್ನು ಕಚೇರಿಯವರು ಇಷ್ಟು ಗೌರವದಿಂದ ಕಂಡದ್ದು ಇದೇ ಮೊದಲಂತೆ.

ಕಂಪ್ಯೂಟರ್ ಕೋಣೆಯಲ್ಲಿ ಮ್ಯಾನೇಜರು ಆಗಲೇ ಕೈಕಟ್ಟಿ ನಿಂತಿದ್ದರು. ಹುಕ್ಕಾದರೇನು, ಇಂಜೆಕ್ಷನ್ನಾದರೇನು, ಎರಡರಲ್ಲೂ ಮೆಸೇಜು ಹೋಗತ್ತಲ್ಲ ಮೇಡಂ ಅಂತ ಅವರು ಹೇಳುತ್ತಿದ್ದರು. ಮೇಡಂ ಹಣೆ ಒತ್ತಿಕೊಂಡರು.

"ಹುಕ್ ಅಂದರೆ ನಾವು ಕರೆದಾಗ ನೀವು ಬರೋದು" ಅಂದರು ಆಕೆ, ಪ್ರತಿ ಶಬ್ದವನ್ನೂ ಬಿಡಿಸಿ ಬಿಡಿಸಿ. "ನೀವು ಮಾಡಿದ್ದು ನಾವು ಕರೀದೆ ಒಳಗೆ ನುಗ್ಗಿ, ಬಂದವರಿಗೆಲ್ಲ ಮಾಲೆ ಹಾಕೋದು. ಇಷ್ಟೇ ವ್ಯತ್ಯಾಸ. ಇಷ್ಟು ಅರ್ಥ ಆಗೋಕೆ ಊರಿನ ಅರ್ಧ ಸಂಸಾರ ಹಾಳಾಗಬೇಕಿತ್ತಾ?"

ಆಗತ್ತಪ್ಪನ ಬಾಯಿಂದ ಅಭ್ಯಾಸಬಲದಿಂದ ಹೊರಡಲಿದ್ದ ಮಾತನ್ನು ಆತ ಹೇಗೋ ನುಂಗಿಕೊಂಡ. ನಿಯಮದ ಪ್ರಕಾರ ಅವನನ್ನು ಅಲ್ಲಿಂದಲೇ ಆಚೆ ಹಾಕಬೇಕಿತ್ತು. ಆದರೆ ಮೇಡಂ ಲೋಕ ಕಂಡವರು. ಇವನನ್ನು ಕಳಿಸಿದರೆ ತೂರಿಸಿದ್ದನ್ನು ಕೀಳಲು ಇನ್ನೊಬ್ಬ ಬರುತ್ತಾನೆ, ಅವನು ಇನ್ನೇನೋ ತೂರಿಸುತ್ತಾನೆ ಅಂತ ಅವರಿಗೆ ಗೊತ್ತಿತ್ತು. ಇದನ್ನು ಕಿತ್ತುಹಾಕಿ, ಹುಕ್ಕಿನಲ್ಲಿ ಸರಿಯಾಗಿ ತಗುಲಿಹಾಕಿ, ಇನ್ನೊಂದೇ ಒಂದು ತಪ್ಪು ಶುಭಾಶಯ ಹೋದರೆ ಅವತ್ತೇ ನಿಮ್ಮ ಕೆಲಸ ಕೊನೆ ಅಂದರು. ಮ್ಯಾನೇಜರು ಅದಕ್ಕೆ ಜೋರಾಗಿ ತಲೆಯಾಡಿಸಿದರು. ಅವರಿಗೆ ಈಗಲೂ ವ್ಯತ್ಯಾಸ ಗೊತ್ತಾಗಿರಲಿಲ್ಲ.

ತೂರಿಸಿದ್ದನ್ನು ಕೀಳುವುದರಲ್ಲಿ ಹೆಣ ಬಿದ್ದುಹೋಯಿತು. ಹುಕ್ಕಿಗೆ ತಗುಲಿಹಾಕಲು ಹಿಡಿದದ್ದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಮೇಡಂ ಕೇಳಿದ್ದೂ ಇಷ್ಟೇ, ಏನು ಬೇಕು, ಯಾವಾಗ ಬೇಕು, ಯಾರಿಗೆ ಬೇಕು. ಈ ಪ್ರಶ್ನೆಗಳಿಗೆ ಹೆದರಿ ತಾನು ಗೋಡೆ ಕೊರೆದೆನಲ್ಲ ಅಂತ ಆಗತ್ತಪ್ಪನಿಗೆ ತನ್ನ ಮೇಲೇ ರೇಗಿತು.

ಮನೆಗೆ ಹೋಗುವ ದಾರಿಯಲ್ಲಿ ಟೈಲರಮ್ಮನ ಅಂಗಡಿಗೆ ಹೋಗಿ ಕ್ಷಮೆ ಕೇಳಿದ. ಅಂಗಡಿಗೆ ಹೊಸ ಹೆಸರಿಡಲು ಆಕೆ ಅವತ್ತು ಕಚೇರಿಗೆ ಹೋಗಿದ್ದರಂತೆ. ಬೈಗುಳಕ್ಕೆ ಕಿವಿ ಸಜ್ಜು ಮಾಡಿಕೊಂಡು ನಿಂತಿದ್ದ ಆಗತ್ತಪ್ಪನಿಗೆ ಅದು ಸಿಗಲಿಲ್ಲ. ಆಕೆ ಬಟ್ಟೆಯಲ್ಲಿನ ದಾರದ ತುಣುಕು ಕೀಳುತ್ತಾ, "ಬೀದಿಯವರೆಲ್ಲ ಬಂದು ಕೇಳಿದರು. ನಿಮ್ಮ ಮಾವನೊಬ್ಬರು ಕೇಳಲಿಲ್ಲ" ಅಂದರು. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ ಅಂತ ಆ ಬೆಪ್ಪನಿಗೆ ತಿಳಿಯಲಿಲ್ಲ. ಮನೆಯಲ್ಲಿ ಮಾವನ ಮುಂದೆ ಈ ಮಾತನ್ನು ಹಾಗೇ ಒಪ್ಪಿಸಿದ. ಚೀಲ ಬಿಚ್ಚುತ್ತಿದ್ದ ಅವರು ಒಂದು ಕ್ಷಣ ನಿಂತು, ಮತ್ತೆ ಬಿಚ್ಚತೊಡಗಿದರು. ಮಗಳ ಜೀವಕ್ಕೆ ತಂಪಾಯಿತು.

ಕೆಲವು ವಾರ ಕಳೆದವು. ಸರಿಯಾದವರಿಗೆ ಸರಿಯಾದ ಹೊತ್ತಿಗೆ ಶುಭಾಶಯಗಳು ಹೋಗುತ್ತಿದ್ದವು. ಮಾವನವರು ಸಂಜೆ ವಾಕಿಂಗ್ ಶುರುಮಾಡಿದ್ದರು, ಅಂಗಿಗಳ ಗುಂಡಿಗಳು ಪದೇ ಪದೇ ಕಿತ್ತುಹೋಗುತ್ತಿದ್ದವು. ಯಾರೂ ಗಮನಿಸಲಿಲ್ಲ.

ಒಂದು ಬೆಳಿಗ್ಗೆ ಆಗತ್ತಪ್ಪ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಹೆಂಡತಿಯ ಈಜುಕೊಳಕ್ಕೆ ರಜ. ಸೋದರತ್ತೆ ಬಂದು ಸೋಫಾದಲ್ಲಿ ಪವಡಿಸಿದ್ದರು. ಊಟದ ಮೇಜಿನ ಮೇಲೆ ಮಾವನವರ ಫೋನು ಟಣ್ ಅಂದಿತು.

ಮಾವನವರ ವಿವಾಹ ನೋಂದಣಿಯಾಗಿತ್ತು. ಬಾಳಸಂಗಾತಿಯ ಕೈ ಹಿಡಿದು ನಗುನಗುತ್ತಾ ಬಾಳಬೇಕಂತೆ.

ಹೆಂಡತಿ ಕೂಗಿದ ಕೂಗಿಗೆ ಕೆಳಮನೆಯ ಪ್ರೊಫೆಸರು ಕಿಟಕಿ ಮುಚ್ಚಿಕೊಂಡರು. ಇನ್ನೂ ಸರಿಮಾಡಿಲ್ಲವಾ, ಅಪ್ಪ ನೋಡಿದರೆ ಈ ಸಲ ನಿಜವಾಗಿಯೂ ಹೊರಟುಹೋಗುತ್ತಾರೆ, ಅವರು ಬರುವುದರೊಳಗೆ ಅಳಿಸಿಹಾಕಿ ಅಂದಳು. ಸೋದರತ್ತೆ ಎದ್ದು ಕೂತು, ಈ ಗಂಡಸಿಗೆ ಒಂದು ಕೆಲಸ ನೆಟ್ಟಗೆ ಬರಲ್ಲ ಅಂತ ಷರಾ ಬರೆದರು. ಆಗತ್ತಪ್ಪ ತನ್ನ ಫೋನು ಕೈಗೆತ್ತಿಕೊಂಡ. ಇನ್ನೊಂದೇ ಒಂದು ತಪ್ಪು ಶುಭಾಶಯ ಅಂದಿದ್ದರು ಮೇಡಂ. ಅದು ಹೋಗಿ ಹೋಗಿ ತನ್ನ ಮನೆಗೇ ಬರಬೇಕೇ? ಆದದ್ದಾಗಲಿ ಅಂತ ತಾನೇ ಮೇಡಮ್ಮಿಗೆ ಫೋನ್ ಮಾಡಿ, ತಪ್ಪಾಗಿದೆ, ಮಾವನಿಗೆ ಮತ್ತೆ ಹೋಗಿದೆ ಅಂದ.

ಆ ಕಡೆಯಿಂದ ಮೇಡಂ ಸಾವಧಾನವಾಗಿ ಮಾತಾಡಿದರು. ಇವನು ಕೇಳಿಸಿಕೊಂಡ. ಫೋನ್ ಕೆಳಗಿಟ್ಟು, ನೀರು ಕುಡಿದ.

"ತಪ್ಪಾಗಿಲ್ಲ" ಅಂದ.

ಅವನ ಮಾತನ್ನು ನಂಬುವವರು ಯಾರು? ಅವತ್ತು ತಪ್ಪನ್ನು ಸರಿ ಅಂತ ಎದೆ ತಟ್ಟಿ ಹೇಳಿದವನಲ್ಲವೇ ಇವನು. ಹುಕ್ಕು ಮದುವೆಗೆ ಮಾತ್ರ ಬಾಯಿ ಬಿಡುತ್ತದೆ ಅಂತ ಹೇಳಿದ. ಅವತ್ತೂ ಹೀಗೇ ಹೇಳಿದ್ದಿರಿ ಅಂತ ಹೆಂಡತಿ ಅಂದಳು. ಅವತ್ತು ಇಂಜೆಕ್ಷನ್, ಇವತ್ತು ಹುಕ್ಕು, ಬೇರೆ ಬೇರೆ ಅಂತ ಹಲುಬಿದ. ಸೋದರತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಜೀವಮಾನದಲ್ಲಿ ಒಂದೇ ಒಂದು ಸಲ ತಾನು ಬರೆದ ಕೋಡು ಅಕ್ಷರಶಃ ಸರಿಯಾಗಿ ನಡೆದಿದೆ, ಅದನ್ನೇ ಯಾರೂ ಒಪ್ಪುತ್ತಿಲ್ಲವಲ್ಲ ಅಂತ ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಆಗ ಮಾವನವರು ಬಂದರು. ಮಗಳು ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಅವರು ಕೈ ಚಾಚಿ ಇಸಿದುಕೊಂಡು, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಅಳಿಯಂದಿರು ಸರಿಯಾಗೇ ಹೇಳುತ್ತಿದ್ದಾರೆ ಕಣಮ್ಮ" ಅಂದರು.

ಸೋದರತ್ತೆ ಕಿವಿಯ ಮೇಲಿದ್ದ ಎರಡೂ ಕೈ ತೆಗೆದರು.

ಹೆಂಡತಿಯ ದೊಡ್ಡ ಗಂಟಲು ಎಲ್ಲಿ ಹೋಯಿತೋ. ಮೆತ್ತಗೆ, "ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಪ್ಪ?" ಅಂದಳು.

"ಅವತ್ತು ಸುಳ್ಳು ಸುದ್ದಿಗೇ ನೀನು ಅಷ್ಟು ಕಣ್ಣೀರು ಹಾಕಿದೆ. ನಿಜ ಹೇಳೋಕೆ ನನಗೆ ಧೈರ್ಯ ಬರಲಿಲ್ಲ."

"ಮದುವೆ ಆದಿರಿ ಅಂತ ಅಳಲಿಲ್ಲ ಅಪ್ಪ. ಹೇಳದೆ ಆದಿರಲ್ಲ ಅಂತ ಅತ್ತಿದ್ದು." ಅವಳು ಮೂಗು ಒರೆಸಿಕೊಂಡಳು. "ಕೇಳಿದ್ದರೆ ನಾನೇ ಬರುತ್ತಿದ್ದೆ. ಸಾಕ್ಷಿ ಯಾರು ಹಾಕಿದರು?"

ಕಂಪ್ಯೂಟರ್ ಕೋಣೆಯ ಮೇಡಂ ಅಂತ ಆಗತ್ತಪ್ಪ ಹೇಳಿದ. ಹೇಳಬಾರದಿತ್ತು. ಊರವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ ಅಂತ ಗಂಟಲು ಮತ್ತೆ ತನ್ನ ಸ್ಥಾನಕ್ಕೆ ಬಂತು. ಒಬ್ಬರು ಕೇಳದೆ ಕೋಡು ತೂರಿಸುತ್ತಾರೆ, ಒಬ್ಬರು ಕೇಳದೆ ಮದುವೆ ಮಾಡಿಕೊಳ್ಳುತ್ತಾರೆ, ಈ ಮನೆಯ ಗಂಡಸರಿಗೆ ದೇವರು ನಾಲಿಗೆ ಯಾಕೆ ಕೊಟ್ಟಿದ್ದಾನೆ ಅಂತ ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಝಾಡಿಸಿದಳು. ಝಾಡಿಸುತ್ತಲೇ, ಟೈಲರಮ್ಮ ಎಲ್ಲಿ ಅಂತ ಕೇಳಿದಳು.

ಮಾವನವರು ಬಾಗಿಲ ಕಡೆ ನೋಡಿದರು. ಬಾಗಿಲು ಹಾರುಹೊಡೆದೇ ಇತ್ತು. ಹೊಸಿಲಿನಿಂದ ಒಂದು ಹೆಜ್ಜೆ ಆಚೆ, ಮೆಟ್ಟಿಲ ಕಟಕಟೆಗೆ ಒರಗಿ, ಒಂದು ಚೀಲ ಹಿಡಿದುಕೊಂಡು ಆಕೆ ನಿಂತಿದ್ದರು. ಅಷ್ಟು ಹೊತ್ತಿನ ಕೂಗಾಟವನ್ನೆಲ್ಲ ಅಲ್ಲೇ ನಿಂತು ಕೇಳಿದ್ದರು.

"ಅಯ್ಯೋ, ಬಾಗಿಲು ತೆಗೆದೇ ಇತ್ತಲ್ಲ. ಒಳಗೆ ಬರಬಾರದಿತ್ತಾ?" ಅಂದಳು ಹೆಂಡತಿ.

"ನೀವು ಕರೆದಿರಲಿಲ್ಲ" ಅಂದರು ಟೈಲರಮ್ಮ.

ಹೆಂಡತಿ ಗಂಡನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿದಳು. ಆಮೇಲೆ ಹೋಗಿ ಆಕೆಯ ಕೈಯಲ್ಲಿದ್ದ ಚೀಲ ಇಸಿದುಕೊಂಡಳು.

"ಬನ್ನಿ" ಅಂದಳು. "ಕರೆದ ಮೇಲೆ ಬರಬೇಕು ಅಂತ ಗೊತ್ತಿರೋರು ಒಬ್ಬರು ಈ ಮನೆಗೆ ಬೇಕಾಗಿತ್ತು."